ಹೊಸ್ತಿಲು ತಗ್ಗಿಸಿದವರು

ಮೇಡಂ ಹೋದರು ಅಂತ ಬ್ರಿಸ್ಬೇನಿನಿಂದ ಫೋನು ಬಂದಾಗ ನಾನು ಅಡಿಲೇಡಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಬಕೆಟ್‌ಗಟ್ಟಲೆ ಈರುಳ್ಳಿ ಹೆಚ್ಚುತ್ತಿದ್ದೆ. ಹಾಗಾಗಿ ಅವತ್ತು ಕಣ್ಣಿಗೆ ಬಂದ ನೀರಿನಲ್ಲಿ ಮೇಡಂ ಪಾಲೆಷ್ಟು, ಈರುಳ್ಳಿ ಪಾಲೆಷ್ಟು ಅಂತ ಇವತ್ತಿಗೂ ಹೇಳಲಾರೆ. ಫೋನು ಮಾಡಿದವಳು ಅವರ ತಂಗಿಯ ಮಗಳು. ಅಲ್ಲಿನ ಫಾರೆಸ್ಟ್ ಲೇಕ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.

"ಯಾವಾಗಮ್ಮ?"

"ದಿಸ್ ಮಾರ್ನಿಂಗ್."

"ಕೊನೇಲಿ ಏನಾದ್ರೂ ಹೇಳಿದ್ರಾ?"

"ಶೀ ಆಸ್ಕ್ಡ್ ಫಾರ್ ಹರ್ ಲ್ಯಾಪ್‌ಟಾಪ್. ನರ್ಸ್ ಸೆಡ್ ನೋ."

ಆ ಲ್ಯಾಪ್‌ಟಾಪಿಗೆ ಬೀಗ ಹಾಕಿದೆಯಂತೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲವಂತೆ. ಗೊತ್ತಿದ್ದವರು ಒಬ್ಬರೇ.

ಐವತ್ತು ದಾಟಿದ ಹೆಂಗಸನ್ನು ಆಂಟಿ ಅನ್ನುವುದು ಆಸ್ಟ್ರೇಲಿಯಾದ ಕನ್ನಡಿಗರಲ್ಲಿ ಒಂದು ಕಾನೂನು. ಇವರು ಮಾತ್ರ ಮೊದಲ ದಿನವೇ ನನ್ನನ್ನು ಸೂಟ್‌ಕೇಸಿನ ಸಮೇತ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದರು, "ಆಂಟಿ ಅಂದ್ರೆ ಮೊಸರು ಬಂದ್. ಮೇಡಂ ಅನ್ನು, ಇಲ್ಲಾ ಹೆಸರು ಹಿಡಿದು ಕರಿ." ಹೆಸರು ಹಿಡಿದು ಕರೆಯುವ ಧೈರ್ಯ ನನಗಿರಲಿಲ್ಲ. ಮೊಸರಿಲ್ಲದೆ ಬದುಕುವ ಧೈರ್ಯ ಮೊದಲೇ ಇರಲಿಲ್ಲ. ಮೇಡಂ ಆದರು. ಈ ಬರಹದಲ್ಲೂ ಹಾಗೇ ಇರಲಿ.

ನಾನು ಮೊದಲು ಪರ್ತ್‌ಗೆ ಬಂದದ್ದು ಅಡುಗೆ ಕಲಿಯಲು. ತುಮಕೂರಿನಲ್ಲಿ ಬಿ.ಕಾಂ. ಪರೀಕ್ಷೆಯನ್ನು ಎರಡು ಸಲ ಬರೆದು, ಎರಡು ಸಲವೂ ಪರೀಕ್ಷಕರಿಗೆ ಮನರಂಜನೆ ಒದಗಿಸಿದ ಮೇಲೆ ನಮ್ಮಪ್ಪ ನನ್ನನ್ನು ಸಮುದ್ರ ದಾಟಿಸಿದರು. ಮೇಡಂ ಮೈಸೂರಿನವರು, ಆಗ ಅಲ್ಲಿನ ಗಣಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಚಳಿಗಾಲದಲ್ಲಿ ಸ್ವೆಟರ್ ಬದಲು ಗಣಿಯಲ್ಲಿ ಹಾಕುವ, ಬೆಳಕು ಬಿದ್ದರೆ ಹೊಳೆಯುವ ಕಿತ್ತಳೆ ಜಾಕೆಟ್ಟನ್ನೇ ಸೀರೆಯ ಮೇಲೆ ಹಾಕಿಕೊಂಡು ಮನೆ ತುಂಬ ಓಡಾಡುತ್ತಿದ್ದರು. ಕತ್ತಲೆಯಲ್ಲೂ ಕಳೆದುಹೋಗದ ಹೆಂಗಸು. ಮದುವೆ ಯಾಕೆ ಆಗಲಿಲ್ಲ ಅಂತ ಕನ್ನಡ ಸಂಘದ ಹೆಂಗಸರು ಕೇಳಿದರೆ "ನೋಡೋಕೆ ಬಂದವರೆಲ್ಲ ಹಾಡು ಹೇಳು ಅಂದ್ರು, ಒಬ್ಬನೂ ಲೆಕ್ಕ ಕೊಡ್ಲಿಲ್ಲ" ಅನ್ನುತ್ತಿದ್ದರು.

ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನಿದ್ದೆ. ಜನರ ಧ್ವನಿ ಕದಿಯುವುದು ನನ್ನ ಹುಟ್ಟುಗುಣ. ಬಂದ ವಾರದಲ್ಲೇ ಪಕ್ಕದ ಮನೆಯ ಗ್ರೀಕ್ ಅಜ್ಜ, ನನ್ನ ಕಾಲೇಜಿನ ಸಾಸ್ ಮೇಷ್ಟ್ರು, ನಾನು ಕೆಲಸಕ್ಕಿದ್ದ ಸರ್ವೋದ, ಅಂದರೆ ಪೆಟ್ರೋಲ್ ಬಂಕಿನ ಮ್ಯಾನೇಜರು, ಎಲ್ಲರೂ ನನ್ನ ಗಂಟಲೊಳಗೆ ಬಂದು ಕೂತಿದ್ದರು. ಮೇಡಂ ಅವರನ್ನೂ ಅವರೆದುರಿಗೇ ಮಾಡಿ ತೋರಿಸಿದೆ. ನಗಲಿಲ್ಲ. "ಧ್ವನಿ ಬಂತು. ಒಳಗಿನ ಬುದ್ಧಿ ಬರ್ಲಿಲ್ಲ" ಅಂದರು. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ, "ನಿಂಗೆ ಕಂಪ್ಯೂಟರ್ ಎಷ್ಟು ಗೊತ್ತು?" ಅಂತ ಕೇಳಿದರು.

"ಸಿನಿಮಾ ನೋಡ್ತೀನಿ ಮೇಡಂ."

"ಅಷ್ಟೇನಾ?"

"ನಿಲ್ಸೋಕೂ ಬರುತ್ತೆ."

ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಷ್ಟೋ ದಿನದಿಂದ ಇಂಥ ಒಬ್ಬನಿಗಾಗಿ ಹುಡುಕುತ್ತಿದ್ದರಂತೆ.

ವಿಷಯ ಏನೆಂದರೆ, ಹಿಂದೆ ನಮ್ಮವರು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿದ್ದೆಲ್ಲ ಹಳೇ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ತಲೆಯ ಮೇಲೆ ಟೋಪಿ, ಮೀಸೆ, ಚುಕ್ಕೆ ಹೊತ್ತ ಯಾವುದೋ ದೇಶದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಮೇಡಂ ಆ ಟೋಪಿಗಳನ್ನು ಕಳಚಿ ಮತ್ತೆ ಕನ್ನಡ ಮಾಡುವ ಒಂದು ಪ್ರೋಗ್ರಾಂ ಬರೆದಿದ್ದರು. ಆದರೆ ಅದಕ್ಕೆ ಗುಂಡಿ ಇಲ್ಲ, ಚಿತ್ರ ಇಲ್ಲ. ಒಂದು ಕಪ್ಪು ಕಿಟಕಿ ತೆರೆದು, ಮಿಣುಕುವ ಗೆರೆಯ ಮುಂದೆ ಆಜ್ಞೆಗಳನ್ನು ಅಕ್ಷರ ತಪ್ಪದೆ ಟೈಪ್ ಮಾಡಬೇಕು. ಅದಕ್ಕೂ ಮೊದಲು ಇನ್ನೇನೇನೋ ತಂದು ಕೂರಿಸಬೇಕು. ಒಟ್ಟು ಹದಿನಾಲ್ಕು ಹೆಜ್ಜೆ. ವೀಕೆಂಡ್ ಕನ್ನಡ ಶಾಲೆಯವರು ಹಳೇ ಪಾಠಗಳಿಗಾಗಿ ಹಂಬಲಿಸಿ ತಗೊಂಡು ಹೋದರು. ಒಬ್ಬರೂ ಹದಿನಾಲ್ಕನೆಯ ಹೆಜ್ಜೆ ಮುಟ್ಟಲಿಲ್ಲ. ಕೇಳಿದರೆ "ತುಂಬಾ ಚೆನ್ನಾಗಿದೆ ಆಂಟಿ" ಅಂದರು. ಆ ಮಾತಿನಲ್ಲಿ ಎರಡು ಅಪರಾಧ.

ಶನಿವಾರ ಆರ್ವೋ, ಅಂದರೆ ಮಧ್ಯಾಹ್ನ, ನನಗೆ ಪರೀಕ್ಷೆ. ಟೇಬಲ್ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಸೂಚನೆಯ ಹಾಳೆ. ಮೇಡಂ ನನ್ನ ಹಿಂದೆ ಕುರ್ಚಿ ಹಾಕಿಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೇ ಕೂತುಬಿಡುತ್ತಿದ್ದರು. ಮಾತಾಡುವಂತಿಲ್ಲ, ಮುಟ್ಟುವಂತಿಲ್ಲ. ಅದು ಅವರಿಗೆ ಅವರೇ ಹಾಕಿಕೊಂಡ ಶಿಕ್ಷೆ. ನಾನು ತಪ್ಪು ಮಾಡಿದಾಗಲೆಲ್ಲ ಹಿಂದಿನಿಂದ ಬಳೆ ಕಿಣಿಗುಟ್ಟುತ್ತಿತ್ತು. "ಮೇಡಂ, ಬಳೆಯಲ್ಲಿ ಕಾಪಿ ಹೊಡೆಸ್ತಿದ್ದೀರ" ಅಂದೆ. ಮುಂದಿನ ವಾರ ಬಳೆ ತೆಗೆದಿಟ್ಟು ಬಂದರು.

ಮೊದಲ ಶನಿವಾರ ಮೊದಲ ಸಾಲಿನಲ್ಲೇ ಬಿದ್ದೆ. ಹಾಳೆಯಲ್ಲಿ ಪ್ರತಿ ಆಜ್ಞೆಯ ಮುಂದೆ ಒಂದು ಡಾಲರ್ ಗುರುತಿತ್ತು. ನಾನು ಅದನ್ನೂ ಟೈಪ್ ಮಾಡಿದೆ. ಯಂತ್ರ ಬೈದಿತು. ಮತ್ತೆ ಮಾಡಿದೆ, ಮತ್ತೆ ಬೈಸಿಕೊಂಡೆ. ಅರ್ಧ ಗಂಟೆ ನಾನೂ ಯಂತ್ರವೂ ಅತ್ತೆ ಸೊಸೆ ಹಾಗಿದ್ದೆವು. ಕೊನೆಗೆ ಮೇಡಂ ಕೈ ಹೊರತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಅದನ್ನ ಟೈಪ್ ಮಾಡ್ಬಾರ್ದು ಕಣೋ. ಇಲ್ಲಿಂದ ಶುರು ಅಂತ ತೋರಿಸೋಕೆ ನಮ್ಮ ಜನ ಹಾಕೋ ಗುರುತು ಅದು."

"ಮತ್ತೆ ಯಾಕೆ ಬರೆದ್ರಿ? ನಾನೇನು ನಿಮ್ಮ ಜನಾನಾ?"

ನಾನು ತಮಾಷೆಗೆ ಅಂದದ್ದು. ಅವರು ಅದನ್ನೂ ಬರೆದುಕೊಂಡರು. "ತಪ್ಪು ನಿಂದಲ್ಲ, ನಂದು," ಅಂದರು. "ಬಂದೋರು ಎಡವಿದ್ರೆ ಅವರ ಕಾಲನ್ನ ಬೈಬಾರ್ದು. ಹೊಸ್ತಿಲು ತಗ್ಗಿಸ್ಬೇಕು."

ಆಮೇಲೆ ಪ್ರತಿ ಶನಿವಾರ ಒಂದೊಂದು ಹೆಜ್ಜೆ ಕಡಿಮೆ. ಹದಿನಾಲ್ಕು ಹನ್ನೊಂದಾಯಿತು, ಏಳಾಯಿತು. ಯಂತ್ರದ ಇಂಗ್ಲಿಷ್ ಬೈಗುಳ ತೆಗೆದು ತಾವೇ ಕನ್ನಡದಲ್ಲಿ ಬರೆದರು: "ತಪ್ಪು ನಿಮ್ಮದಲ್ಲ, ನನ್ನದು. ನೀವು ಹೇಳಿದ ಕಡತ ನನಗೆ ಸಿಗಲಿಲ್ಲ. ಮೇಜಿನ ಮೇಲಿದೆಯಾ ನೋಡಿ." ಎಲ್ಲ ಸಂದೇಶವೂ ಹಾಗೇ, ಕಪ್ಪು ಕಿಟಕಿಯ ಹಿಂದೆ ಮೇಡಮ್ಮೇ ಕೂತು ಮಾತಾಡಿದ ಹಾಗೆ. ನಾನು ಪ್ರತಿ ವಾರ ಹೊಸ ಹೊಸ ರೀತಿಯಲ್ಲಿ ಸೋತೆ. ಅಂಥ ಯಶಸ್ಸು ನನಗೆ ಬಿ.ಕಾಂ.ನಲ್ಲೂ ಸಿಕ್ಕಿರಲಿಲ್ಲ.

ಕಿಲ್ಬರ್ನ್ ಅಂಕಲ್ ಫೋನು ಮಾಡಿದ್ದು ಆ ದಿನಗಳಲ್ಲಿ. ಅಡಿಲೇಡಿನ ಕಿಲ್ಬರ್ನ್‌ನಲ್ಲಿ, ಗೋದಾಮುಗಳ ಬೀದಿಯ ಪಕ್ಕದ ಹಳೇ ಮನೆಯಲ್ಲಿ ಒಬ್ಬರೇ ಇದ್ದವರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ, ಎಪ್ಪತ್ತು ದಾಟಿದ ಮನುಷ್ಯ. ಸಂಘದವರ ಬಾಯಿಂದ ಬಾಯಿಗೆ ಹೋಗಿ ಸುದ್ದಿ ಅವರಿಗೆ ಮುಟ್ಟಿತ್ತು. ಮೇಡಂ ಸ್ಪೀಕರ್ ಹಾಕಿದರು.

"ನನ್ನ ಹೆಂಡತಿ ಹೋಗಿ ಎರಡು ವರ್ಷ ಆಯ್ತಮ್ಮ. ನಾನು ಶಿಫ್ಟಿಗೆ ಹೋದ್ಮೇಲೆ ಕಂಪ್ಯೂಟರ್‌ನಲ್ಲಿ ದಿನಾ ಏನೋ ಬರೀತಿದ್ಲು. ಹದಿನೈದು ವರ್ಷ. ಏನೇ ಅದು ಅಂದ್ರೆ, ಏನಿಲ್ಲ ಬಿಡಿ ಅನ್ನೋಳು. ಈಗ ತೆಗೆದ್ರೆ ಬರೀ ಟೋಪಿ."

ಆಕೆ ಬಳಸಿದ್ದು ಊರಿನ ಟೈಪಿಂಗ್ ಅಂಗಡಿಯವನು ಹಾಕಿಕೊಟ್ಟಿದ್ದ ಯಾವುದೋ ಫಾಂಟು. ಅದು ಹಳೇ ಕಂಪ್ಯೂಟರಿನ ಜೊತೆಗೇ ಹೋಗಿತ್ತು.

"ಕಡತ ಕಳಿಸಿಬಿಡಿ ಅಂಕಲ್. ಐದು ನಿಮಿಷದಲ್ಲಿ ಮಾಡಿಕೊಡ್ತೀನಿ."

ಅಂಕಲ್ ಸಂಕೋಚದಿಂದ ಅಂದರು, "ಅವಳು ನನಗೇ ತೋರಿಸ್ಲಿಲ್ಲಮ್ಮ. ಬೇರೆಯವರಿಗೆ ಹ್ಯಾಗೆ ಕೊಡ್ಲಿ? ಮೊದಲು ನಾನು ಓದ್ಬೇಕು. ಡಾಕ್ಟ್ರು ಬೇರೆ, ಕಣ್ಣು ಇನ್ನೊಂದು ವರ್ಷ ನಡೆದ್ರೆ ಹೆಚ್ಚು ಅಂತಿದಾರೆ."

ದೂರದಿಂದ ಅವರ ಪರದೆ ನೋಡಿ ಮಾಡಿಕೊಡುವ ಉಪಾಯವೂ ಬೇಡ ಅಂದರು. ಅದೂ ನೋಡಿದ ಹಾಗೇ ಅಲ್ಲವೇ. ಅಂದರೆ ಆ ಪ್ರೋಗ್ರಾಮನ್ನು ಅವರೊಬ್ಬರೇ, ಅವರ ಕೈಯಲ್ಲೇ, ಕಣ್ಣು ಹೋಗುವ ಮೊದಲು ಹಾಕಿಕೊಂಡು ನಡೆಸಬೇಕು. ಮೇಡಂ ಅವತ್ತಿಂದ ಕನ್ನಡ ಶಾಲೆಯ ಪಾಠಗಳ ಮಾತೆತ್ತಲಿಲ್ಲ.

ಅಂಕಲ್‌ಗೆ ಕಳಿಸಿದ ಮೊದಲ ಪ್ರತಿ ಇಪ್ಪತ್ತು ದಿನ ಸುದ್ದಿಯಿಲ್ಲದೆ ಬಿದ್ದಿತ್ತು. ತೊಂದರೆ ಕೊಡುವುದು ಬೇಡ ಅಂತ ಅವರು ಫೋನು ಮಾಡಿರಲಿಲ್ಲ, ಅವಸರ ಮಾಡುವುದು ಬೇಡ ಅಂತ ಇವರೂ ಮಾಡಿರಲಿಲ್ಲ. ಇಪ್ಪತ್ತೊಂದನೆಯ ದಿನ ಮೇಡಂ ತಡೆಯಲಾರದೆ ಮಾಡಿದರು.

"ಏನು ಟೈಪ್ ಮಾಡಿದ್ರಿ ಅಂಕಲ್? ಮೊದಲಿಂದ ಹೇಳಿ."

"ಮೊದಲು ಶ್ರೀ."

"ಏನಂದ್ರಿ?"

"ಶ್ರೀ ಅಮ್ಮ. ಇಂಗ್ಲಿಷ್ ಅಕ್ಷರದಲ್ಲೇ ಹಾಕ್ದೆ. ಖಾಲಿ ಜಾಗ ಬಿಟ್ಟಿದೆ, ಶ್ರೀ ಹಾಕ್ದೆ ಹ್ಯಾಗೆ ಶುರು ಮಾಡ್ಲಿ? ಅದು ನೋಡಿದ್ರೆ, ಶ್ರೀ ಅನ್ನೋದು ನಂಗೆ ಗೊತ್ತೇ ಇಲ್ಲ ಅಂತಿದೆ!"

ನಾನು ಬಾಯಿಗೆ ಟವೆಲ್ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ವಾಪಸ್ ಬಂದಾಗ ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅದು ನಗುವಿಗಲ್ಲ. ಅಂಕಲ್ ಆಮೇಲೆ ಇನ್ನೊಂದು ಮಾತು ಹೇಳಿದ್ದರು. ಹೆಂಡತಿಯ ಎಲ್ಲ ಕಡತಗಳೂ ಅದೇ ಮೂರು ಟೋಪಿ ಅಕ್ಷರಗಳಿಂದ ಶುರುವಾಗುತ್ತವಂತೆ. "ಅವಳೂ ಶ್ರೀ ಹಾಕದೆ ಬರೀತಿರ್ಲಿಲ್ಲ. ಹದಿನೈದು ವರ್ಷದ್ರಲ್ಲಿ ಅದೊಂದನ್ನ ಓದಿದ್ದೀನಮ್ಮ. ಅದೊಂದನ್ನೇ."

ಆ ವಾರ ಮೇಡಂ ಪ್ರೋಗ್ರಾಮಿಗೆ ಶ್ರೀ ಕಲಿಸಿದರು. ಯಾರಾದರೂ ಮೊದಲು ಶ್ರೀ ಎಂದು ಟೈಪ್ ಮಾಡಿದರೆ ಬೈಯುವ ಬದಲು "ಶುಭವಾಗಲಿ, ಮುಂದೆ ಹೇಳಿ" ಅನ್ನುತ್ತಿತ್ತು. ಮುಂದಿನ ಪ್ರತಿಗೆ ಕಂಪ್ಯೂಟರೇ ಅಡ್ಡ ಬಂತು. ನೀಲಿ ಪೆಟ್ಟಿಗೆ ತೋರಿಸಿ, ಇದು ಅಪರಿಚಿತರದ್ದು, ನಂಬಬೇಡಿ ಅಂದಿತಂತೆ. "ಅಪರಿಚಿತಳು ನಾನೇ ಅಂಕಲ್, ನಂಬಿ" ಅಂತ ಮೇಡಂ ಗೋಗರೆದರು. ಅಂಕಲ್ ನಂಬಿದರು, ಕಂಪ್ಯೂಟರ್ ನಂಬಲಿಲ್ಲ. ಅದನ್ನು ನಂಬಿಸಲು ಎರಡು ತಿಂಗಳು ಹಿಡಿಯಿತು.

"ಮೇಡಂ, ಪ್ಲೇನ್ ಹತ್ತಿ ಅಡಿಲೇಡಿಗೆ ಹೋಗಿ ಮಾಡಿಕೊಟ್ಟು ಬಂದ್ಬಿಡಿ" ಅಂತ ನಾನು ಒಂದು ದಿನ ಅಂದೆ. "ಕನ್ನಡ ಬಂದ ತಕ್ಷಣ ಕಣ್ಣು ಮುಚ್ಕೊಳ್ಳಿ."

"ಕಣ್ಣು ಮುಚ್ಕೊಂಡು ಮಾಡೋದು ನಿನ್ನ ಸಾಂಬಾರು," ಅಂದರು. "ಅವರು ಏನು ಕೇಳಿದ್ರೋ ಅದನ್ನ ಕೊಡ್ಬೇಕು. ನಮಗೆ ಸುಲಭ ಆಗಿದ್ದನ್ನಲ್ಲ. ಇನ್ನೊಂದೆರಡು ಹೆಜ್ಜೆ, ಅಷ್ಟೇ."

ಸರಿಯಾದ ಮಾತು ಅನ್ನಿಸಿತು. ಈಗಲೂ ತಪ್ಪು ಅಂತ ಹೇಳಲಾರೆ.

ಅಷ್ಟರಲ್ಲಿ ಪರ್ತ್‌ನಲ್ಲಿ ಗಣಿಯ ಸುಗ್ಗಿ ಮುಗಿಯಿತು. ಮೇಡಂ ಕೆಲಸ ಹೋಗಿ ಬ್ರಿಸ್ಬೇನಿನಲ್ಲಿ ಬೇರೆ ಸಿಕ್ಕಿತು. ಕಿತ್ತಳೆ ಜಾಕೆಟ್ಟಿನ ಸಮೇತ ಅಲ್ಲಿನ ರನ್‌ಕಾರ್ನ್‌ನ ಒಂದು ಪುಟ್ಟ ಮನೆಗೆ ಹೋದರು. ನನಗೆ ಅಡುಗೆ ಕೆಲಸ ಸಿಕ್ಕಿದ್ದು ಅಡಿಲೇಡಿನಲ್ಲಿ. ಮೇಡಂ ಖುಷಿಗೆ ಮಿತಿಯಿರಲಿಲ್ಲ. "ಅಂಕಲ್ ಮನೆಗೆ ಹೋಗು. ನೋಡ್ಕೊಂಡು ಬಾ. ಆದ್ರೆ ಮುಟ್ಬೇಡ."

ಭಾನುವಾರ ಹನ್ನೊಂದಕ್ಕೆ ಅಂತ ಗೊತ್ತಾಯಿತು. ಅಡಿಲೇಡಿನ ಹನ್ನೊಂದಾ ಬ್ರಿಸ್ಬೇನಿನ ಹನ್ನೊಂದಾ ಅಂತ ಎರಡು ದಿನ ಚರ್ಚೆ. ನಮ್ಮದು ಚಳಿಗಾಲದಲ್ಲಿ ಅರ್ಧ ಗಂಟೆ ಹಿಂದೆ, ಬೇಸಿಗೆಯಲ್ಲಿ ಅರ್ಧ ಗಂಟೆ ಮುಂದೆ. ಆ ಅರ್ಧ ಗಂಟೆ ಕಂಡುಹಿಡಿದವನಿಗೆ ಏನು ಸಿಟ್ಟಿತ್ತೋ.

ಕಿಲ್ಬರ್ನಿನಲ್ಲಿ ಅಂಕಲ್ ನನಗೆ ಕಾಫಿ ಕೊಟ್ಟು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿದರು. "ತಪ್ಪು ತಿಳ್ಕೋಬೇಡಪ್ಪ." ನಾನು ಗೋಡೆ ನೋಡುತ್ತಾ ಕೂತೆ. ಮೇಡಂ ಫೋನಿನಲ್ಲಿ. ಪರದೆ ನೋಡಬಲ್ಲ ನನಗೆ ನೋಡುವ ಹಕ್ಕಿಲ್ಲ, ಹಕ್ಕಿದ್ದವರಿಗೆ ಕಣ್ಣು ಸಾಲದು, ಪ್ರೋಗ್ರಾಂ ಬರೆದವರು ಎರಡು ಸಾವಿರ ಕಿಲೋಮೀಟರ್ ಆಚೆ. ಹಿಂದಿನಿಂದ ಒಂದೊಂದೇ ಕೀ ಒತ್ತುವ ಸದ್ದು. ಒಂದು ಅಕ್ಷರ, ದೀರ್ಘ ನಿಟ್ಟುಸಿರು, ಇನ್ನೊಂದು ಅಕ್ಷರ. ನಾನಾಗಿದ್ದರೆ ಎರಡು ನಿಮಿಷದ ಕೆಲಸ. ಹೌದು, ನಾನು, ಡಾಲರ್ ಟೈಪ್ ಮಾಡಿದವನು! ಅರ್ಧ ಗಂಟೆ ಕೈ ಕಟ್ಟಿ ಕೂತಾಗ ಮೇಡಂ ಶನಿವಾರಗಳ ಸಂಕಟ ಎಂಥದೆಂದು ತಿಳಿಯಿತು.

"ಬಂತು," ಅಂದರು ಅಂಕಲ್. "ಕನ್ನಡ ಕಣಮ್ಮ. ಸಾಲು ಸಾಲು ಕನ್ನಡ!"

ಫೋನಿನಲ್ಲಿ ಮೇಡಂ ಕೂಗಿದ್ದು ಬೀದಿಗೆ ಕೇಳಿಸಿರಬೇಕು. ನಾನು ಗೋಡೆಗೆ ಕೈ ಮುಗಿದೆ. ಆಮೇಲೆ ಹಿಂದಿನಿಂದ ಏನೂ ಸದ್ದಿಲ್ಲ. ಓದುತ್ತಿದ್ದಾರೆ ಅಂದುಕೊಂಡೆ.

"ಅಮ್ಮ," ಅಂದರು ಅಂಕಲ್, "ಅಂಚಲ್ಲಿ ಕಾಣುತ್ತೆ. ಯಾವ ಪದ ಓದೋಣ ಅಂತ ನೋಡ್ತೀನೋ ಅದು ಮಾಯ ಆಗುತ್ತೆ. ನೋಡಿದ್ದು ಕಾಣಲ್ಲ."

ಅಕ್ಷರ ದೊಡ್ಡದು ಮಾಡಿಸಿದೆವು. ಪರದೆ ತುಂಬ ಎರಡೇ ಅಕ್ಷರ ಬರುವಷ್ಟು. ಆಗಲಿಲ್ಲ. ನಾನು ಓದಿ ಹೇಳ್ತೀನಿ ಅಂದೆ. ಅಂಕಲ್ ನನ್ನ ಭುಜ ತಟ್ಟಿದರು, ಬೇಡ ಅನ್ನುವ ಹಾಗೆ.

"ತಡ ಮಾಡ್ದೆ," ಅಂದರು ಫೋನಿನಲ್ಲಿ ಮೇಡಂ. "ಎರಡು ತಿಂಗಳು ಮೊದ್ಲೇ ಬಂದು ಕೂತಿದ್ರೆ ಆಗ್ತಿತ್ತು. ನಂದೇ ತಪ್ಪು." ಆ ಮಾತನ್ನು ನಾನು ಸಂಘದ ಎಷ್ಟು ಸಭೆಗಳಲ್ಲಿ ಅವರ ಧ್ವನಿಯಲ್ಲೇ ಹೇಳಿ ನಗಿಸಿದ್ದೆನೋ. ಅವತ್ತು ಅದನ್ನು ಮೊದಲ ಸಲ ಕೇಳಿದ ಹಾಗಾಯಿತು.

ವಾರದ ನಂತರ ಮೇಡಂ ಅಂಕಲ್‌ಗೆ ಮತ್ತೆ ಫೋನು ಮಾಡಿದರು. ಕನ್ನಡವನ್ನು ಓದಿ ಹೇಳುವ ಯಂತ್ರದ ಧ್ವನಿಯೊಂದಿದೆ, ಯಾರೋ ಪುಣ್ಯಾತ್ಮರು ಮಾಡಿ ಹಂಚಿದ್ದು, ಡಬ್ಬಿಯೊಳಗಿಂದ ಮಾತಾಡಿದ ಹಾಗಿರುತ್ತೆ, ನಡೆದೀತಾ?

"ಅದಕ್ಕೆ ಅರ್ಥ ಆಗಲ್ಲ ತಾನೇ?" ಅಂತ ಕೇಳಿದರಂತೆ ಅಂಕಲ್.

"ಇಲ್ಲ ಅಂಕಲ್. ಏನೂ ಅರ್ಥ ಆಗಲ್ಲ."

"ಹಂಗಾದ್ರೆ ಓದ್ಲಿ."

ಹೊಸದಾಗಿ ಶುರುವಾಯಿತು. ಈಗ ಪರದೆಯೇ ಕಾಣದವರು ಹಾಕಿಕೊಳ್ಳಬೇಕು. ಪ್ರತಿ ಹೆಜ್ಜೆಯೂ ಮಾತಾಡಬೇಕು, ಪ್ರತಿ ತಪ್ಪೂ ಮಾತಾಡಬೇಕು. ಮೇಡಂ ರನ್‌ಕಾರ್ನ್‌ನಲ್ಲಿ ತಮ್ಮ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಪರೀಕ್ಷೆ ಮಾಡಿ, ಕಾಫಿ ಚೆಲ್ಲಿ ಒಂದು ಕೀಬೋರ್ಡು ಹಾಳು ಮಾಡಿದರು. ಫೋನಿನಲ್ಲಿ ಕೆಮ್ಮುತ್ತಿದ್ದರು. "ಸುಸ್ತು ಕಣೋ, ಬೇರೇನಿಲ್ಲ" ಅನ್ನುತ್ತಿದ್ದರು. ನಾನು ಆ ಕೆಮ್ಮನ್ನೂ ಕಲಿತು ಅವರಿಗೇ ಮಾಡಿ ತೋರಿಸಿದೆ. ಈ ಸಲ ನಕ್ಕರು. ಬೇರೇನೋ ಇದೆ ಅಂತ ನನಗೆ ಗೊತ್ತಾದಾಗ ಅವರು ಲ್ಯಾಪ್‌ಟಾಪಿನ ಸಮೇತ ಆಸ್ಪತ್ರೆ ಸೇರಿದ್ದರು. ರಜ ಕೇಳಿದೆ, ಮುಂದಿನ ತಿಂಗಳು ನೋಡೋಣ ಅಂದರು ಹೋಟೆಲಿನವರು. ಆ ಮುಂದಿನ ತಿಂಗಳ ಮೊದಲೇ ಈರುಳ್ಳಿಯ ದಿನ ಬಂತು.

ಮಾರನೆಯ ದಿನ ಕಿಲ್ಬರ್ನಿಗೆ ಹೋದೆ. ಅಂಕಲ್‌ಗೆ ಯಾರೂ ಹೇಳಿರಲಿಲ್ಲ. ಹೇಗೆ ಹೇಳಬೇಕು ಅಂತ ಟ್ರೈನಿನಲ್ಲಿ ಡಾಕ್ಟರ ಹಾಗೆ, ಪುರೋಹಿತರ ಹಾಗೆ, ವಾರ್ತೆ ಓದುವವರ ಹಾಗೆ ಮನಸ್ಸಿನಲ್ಲೇ ಹೇಳಿ ನೋಡಿದೆ. ಒಬ್ಬರ ಬಾಯಿಗೂ ಒಗ್ಗಲಿಲ್ಲ.

ಬಾಗಿಲು ತೆಗೆದವರೇ ನನ್ನ ಕೈ ಹಿಡಿದುಕೊಂಡರು. "ಬಾ ಬಾ, ಒಳ್ಳೆ ಟೈಮಿಗೆ ಬಂದೆ. ಮೇಡಂ ಹೋದ ವಾರ ಕಳಿಸಿದ್ದನ್ನ ಹಾಕ್ಕೊಂಡೆ ಕಣೋ. ನಾನೇ, ಒಬ್ನೇ! ಮೂರು ಸಲ ಎಡವಿದೆ. ಮೂರು ಸಲಾನೂ ಅದೇ ಹೇಳ್ತು, ಹೀಗೆ ಮಾಡಿ ಅಂತ. ಅವರಿಗೆ ಹೇಳೋಣ ಅಂದ್ರೆ ನಿನ್ನೆಯಿಂದ ಫೋನೇ ಎತ್ತುತ್ತಿಲ್ಲ."

"ಅಂಕಲ್..."

"ಇರು, ಇನ್ನೂ ಓದಿಸಿಲ್ಲ. ಒಬ್ನೇ ಕೇಳೋಕೆ ಒಂಥರಾ ಭಯ. ನೀನು ಹಿತ್ತಲಲ್ಲಿ ನಿಂತಿರು. ಯಾರಾದ್ರೂ ಇದಾರೆ ಅಂತಿದ್ರೆ ಸಾಕು."

ಕೇಳಿಸಿಕೊಂಡು ಬರಲಿ, ಆಮೇಲೆ ಹೇಳೋಣ ಅಂತ ಹಿತ್ತಲಿಗೆ ಹೋದೆ. ಬಟ್ಟೆ ಒಣಗಿಸುವ ಕಂಬದಲ್ಲಿ ಒಂದೇ ಒಂದು ಅಂಗಿ ತೂಗುತ್ತಿತ್ತು. ಕಿಟಕಿಯೊಳಗಿಂದ ಡಬ್ಬಿಯ ಧ್ವನಿ ಗೊಣಗುಟ್ಟಿತು. ಮಾತು ತಿಳಿಯದಷ್ಟು ದೂರ ಸರಿದು ನಿಂತೆ. ಅಂಕಲ್ ನಕ್ಕದ್ದು ಕೇಳಿಸಿತು. ಆಮೇಲೆ ಧ್ವನಿ ನಿಂತಿತು. ಹತ್ತು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದರು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಯೋಚನೆಯೇ ಅವರಿಗಿರಲಿಲ್ಲ.

"ನಾನು ಕಾಫಿ ಲೋಟ ಎಲ್ಲಂದ್ರಲ್ಲಿ ಇಡ್ತೀನಂತೆ. ಒಂದು ಕಡತ ಪೂರ್ತಿ ಲೋಟದ್ದೇ ರಾಮಾಯಣ! ಇದನ್ನ ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ ಇವಳಿಗೆ?"

"ಉಳಿದದ್ದು ಅಂಕಲ್?"

"ಅದನ್ನೂ ಅದೇ ಹೇಳ್ತಲ್ಲ. ಮೇಡಂ ಮಾತು ಬರ್ದು ಸೇರಿಸಿದಾರೆ. 'ಒಂದರಿಂದ ಇನ್ನೊಂದಕ್ಕೆ ಹೋಗೋ ದಾರಿ ಇನ್ನೂ ಮುಗಿದಿಲ್ಲ ಅಂಕಲ್. ಮುಂದಿನ ವಾರ ಕಳಿಸ್ತೀನಿ' ಅಂತ."

ನಾನು ಬಾಯಿ ತೆರೆದೆ.

"ಗೊತ್ತು ಗೊತ್ತು, ಅವಸರ ಮಾಡಲ್ಲ," ಅಂದರು. "ಹದಿನೈದು ವರ್ಷದ್ದಿದೆ, ನಿಧಾನಕ್ಕೆ ಕೇಳ್ತೀನಿ. ಆದ್ರೆ ಅವರಿಗೆ ಒಂದು ಮಾತು ಹೇಳ್ಬಿಡು. ಯಾರೂ ಮುಟ್ಲಿಲ್ಲ, ಯಾರನ್ನೂ ಕೇಳ್ಲಿಲ್ಲ, ನಾನೊಬ್ನೇ ಹಾಕ್ಕೊಂಡೆ ಅಂತ. ಕೇಳಿದ್ರೆ ಎಷ್ಟು ಖುಷಿಪಡ್ತಾರೋ. ಹೇಳ್ತೀಯ ತಾನೇ?"

ನನ್ನ ಮುಖ ಕಾಣಲಿ ಅಂತ ನನ್ನ ಕಿವಿಯ ಪಕ್ಕಕ್ಕೆ ಎಲ್ಲೋ ನೋಡುತ್ತಾ, ಉತ್ತರಕ್ಕೆ ಕಾಯುತ್ತಾ ನಿಂತರು.

"ಹೇಳ್ತೀನಿ ಅಂಕಲ್," ಅಂದೆ.